ಗೆಕ್ಕೊ ತೋಡಿದ ಗುಂಡಿ

ಮಗಳು ಸಾಕಿರುವುದು ಲೆಪರ್ಡ್ ಗೆಕ್ಕೊ. ಹೆಸರು ಎಷ್ಟೇ ಜೋರಾಗಿರಲಿ, ನನ್ನ ಪಾಲಿಗೆ ಅದು ಮೈತುಂಬ ಚುಕ್ಕೆಯಿರುವ ಹಲ್ಲಿ. ಕಳೆದ ಬೇಸಿಗೆಯಲ್ಲಿ ಅವಳು ತರಬೇತಿಗೆಂದು ಒಂದು ತಿಂಗಳು ಪುಣೆಗೆ ಹೋದಾಗ, ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ಅದರ ಚಾಕರಿ ನನ್ನ ತಲೆಗೆ ಬಂತು. ಹೆಂಡತಿಗೆ ಹಲ್ಲಿಯೆಂದರೆ ಮೈ ಜುಮ್ಮೆನ್ನುತ್ತದೆ. ಹೀಗಾಗಿ ಸಸ್ಯಾಹಾರಿ ಹೋಟೆಲಿನ ಮಾಲಿಕನಾದ ನಾನು ದಿನಾ ಬೆಳಿಗ್ಗೆ ಚಿಮಟದಲ್ಲಿ ಜೀವಂತ ಹುಳು ಹಿಡಿದು ಬಡಿಸುವವನಾದೆ.

ಎರಡನೆಯ ವಾರ ಅದು ಹುಳು ಮುಟ್ಟುವುದನ್ನೇ ಬಿಟ್ಟಿತು. ಗಾಜಿನ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮಣ್ಣು ಕೆರೆದು ಗುಂಡಿ ತೋಡುವುದು, ಅರ್ಧಕ್ಕೇ ಬಿಟ್ಟು ಇನ್ನೊಂದು ಮೂಲೆಗೆ ಹೋಗುವುದು. ನನಗೋ ಗಲೀಜು ಕಂಡರಾಗದು. ನೋಯ್ಡಾದ ನಮ್ಮ ಹೋಟೆಲಿನಲ್ಲಿ ಒಂದು ಲೋಟ ಓರೆಯಾಗಿದ್ದರೂ ದನಿ ಏರುತ್ತದೆ. ದಿನಾ ಗುಂಡಿಗಳನ್ನೆಲ್ಲ ಮುಚ್ಚಿ, ಚಮಚದಿಂದ ತಟ್ಟಿ ಸಮ ಮಾಡಿ ಮೆಟ್ರೊ ಹಿಡಿಯುತ್ತಿದ್ದೆ. ಸಂಜೆ ಬಂದರೆ ಮತ್ತೆ ಗುಂಡಿ. ಹಟಮಾರಿ ಪ್ರಾಣಿ ಎಂದು ಬೈದೆ.

ಐದು ದಿನ ಇದನ್ನು ನೋಡಿದ ಹೆಂಡತಿ ಆರನೆಯ ದಿನ ಅಂದಳು: "ಮುಚ್ಚಬೇಡಿ ಮಾರಾಯ್ರೆ. ಅದು ಮೊಟ್ಟೆ ಇಡ್ಲಿಕ್ಕೆ ಜಾಗ ಹುಡುಕ್ತಾ ಉಂಟು."

"ಒಂಟಿ ಹಲ್ಲಿ ಅದು. ಗಂಡಿಲ್ಲದೆ ಎಂತ ಮೊಟ್ಟೆ?" ನಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಫಾರಂ ಕೋಳಿ ಇಡುದಿಲ್ವಾ? ನೀವು ಆವತ್ತೂ ಹೀಗೇ ಮಾಡಿದ್ರಿ. ನಾನು ಟ್ರಂಕು, ಪಾತ್ರೆ ಎಲ್ಲ ಎಳೆದು ಮೂಲೆ ಖಾಲಿ ಮಾಡುದು, ನೀವು ಬೈದು ವಾಪಸ್ ಇಡುದು. ಮರುದಿನ ಮಗಳು ಹುಟ್ಟಿದ್ಳು."

ಚಮಚ ಕೆಳಗಿಟ್ಟೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಹೋಟೆಲು ಆಗಷ್ಟೇ ತೆರೆದಿತ್ತು, ಕೈ ಸಾಲದು ಎಂದು ನಾನು ಅವಳನ್ನು ಕುಂದಾಪುರಕ್ಕೆ ಕಳಿಸಲಿಲ್ಲ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವಳೂ ಜಾಗ ಹುಡುಕುತ್ತಿದ್ದಳು ಎಂಬುದು ಇಪ್ಪತ್ತೆರಡು ವರ್ಷಗಳ ಮೇಲೆ ನನಗೆ ಹೊಳೆಯಿತು. ತುಂಬ ನಾಚಿಕೆಯಾಯಿತು.

ಪಶುವೈದ್ಯರಿಗೆ ಫೋನ್ ಮಾಡಿದೆ. ಹೊಟ್ಟೆ ನೋಡಿ ಎಂದರು. ಗೆಕ್ಕೊ ಗಾಜಿಗೆ ಕಾಲೂರಿ ನಿಂತಾಗ ನೋಡಿದೆ. ತೆಳು ಚರ್ಮದಡಿಯಲ್ಲಿ ಎರಡು ಬಿಳಿ ಉಂಡೆ ಕಾಣುತ್ತಿದ್ದವು. ಬೇಗ ತೇವದ ಜಾಗ ಮಾಡಿಕೊಡಿ, ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದರು. ಐದು ದಿನ ಅದರ ದಾರಿ ಮುಚ್ಚಿದವನು ನಾನೇ.

ಹೆಂಡತಿ ಹಳೆಯ ದೋಸೆಹಿಟ್ಟಿನ ಡಬ್ಬಿಯ ಮುಚ್ಚಳಕ್ಕೆ ತೂತು ಕೊರೆದಳು. ಹೂಕುಂಡಗಳಿಗೆಂದು ತಂದಿದ್ದ ತೆಂಗಿನ ನಾರಿನ ಪುಡಿಯನ್ನು ನೆನೆಸಿ, ಹಿಂಡಿ ತುಂಬಿದಳು. ಆಮೇಲೆ ಮುಖ ಕಿವುಚಿಕೊಂಡು ತಾನೇ ಪೆಟ್ಟಿಗೆಯೊಳಗೆ ಕೈ ಹಾಕಿ ಡಬ್ಬಿ ಇಟ್ಟಳು. "ಇನ್ನು ಅದರ ತಂಟೆಗೆ ಹೋಗ್ಬೇಡಿ" ಅಂದಳು. ಹೋಗಲಿಲ್ಲ.

ಮೂರನೆಯ ದಿನ ಡಬ್ಬಿಯಲ್ಲಿ ಎರಡು ಮೊಟ್ಟೆಗಳಿದ್ದವು. ಮರಿಯಾಗುವ ಮೊಟ್ಟೆಗಳಲ್ಲ, ಆದರೂ ನನಗೆ ಹಬ್ಬ. ಬಡಕಲಾಗಿದ್ದ ಗೆಕ್ಕೊ ನೀರು ನೆಕ್ಕಿತು. ಸಂಜೆಗೆ ಹುಳುವನ್ನೂ ತಿಂದಿತು.

ವಿಡಿಯೊ ಕಾಲ್‌ನಲ್ಲಿ ಮಗಳು ಅತ್ತೇಬಿಟ್ಟಳು. "ಥ್ಯಾಂಕ್ಯೂ ಅಪ್ಪಾ! ಆಪ್‌ನೇ ಬಚಾ ಲಿಯಾ!" ನೀವೇ ಉಳಿಸಿದಿರಿ ಎಂದು ಹಿಂದಿಯಲ್ಲಿ ಹೊಗಳಿದಳು.

"ನಾನಲ್ಲ, ನಿನ್ನಮ್ಮ" ಅಂದೆ. ಫೋನ್ ಇಟ್ಟ ಮೇಲೆ ಹೆಂಡತಿಯ ಕಡೆ ತಿರುಗಿದೆ. "ಆವತ್ತು ನಿನ್ನನ್ನು ಊರಿಗೆ ಕಳಿಸ್ಬೇಕಿತ್ತು. ಕಳಿಸ್ಲಿಲ್ಲ. ಆದ್ರೂ ನೀನು ಮಗಳನ್ನು ನನ್ನ ಕೈಗೆ ಕೊಟ್ಟೆ. ನಿನ್ನ ಋಣ ದೊಡ್ಡದು."

"ಆಗ್ಲಿ, ಈಗಾದ್ರೂ ಹೇಳಿದ್ರಲ್ಲ" ಅಂದಳು.