ಮೂರನೇ ಮಹಡಿಗೆ ಅಮ್ಮ

ಬೆಳಿಗ್ಗೆ ಒಂಬತ್ತಕ್ಕೆಲ್ಲ ಅಮ್ಮನ ವೃದ್ಧಾಶ್ರಮದ ಮ್ಯಾನೇಜರ್ ಫೋನ್ ಮಾಡಿದರೆ ಅದು ಒಳ್ಳೆ ಸುದ್ದಿ ಆಗಿರುವುದಿಲ್ಲ. ಒಳ್ಳೆ ಸುದ್ದಿಯೆಲ್ಲ ಅವರು ವಾಟ್ಸಾಪ್ ಗ್ರೂಪಿಗೆ ಹಾಕ್ತಾರೆ. ಗಣಪತಿ ಹಬ್ಬದ ಫೋಟೋ, ಅಜ್ಜಿಯರ ಅಂತ್ಯಾಕ್ಷರಿ, ಯಾರದೋ ಎಂಬತ್ತನೇ ಹುಟ್ಟುಹಬ್ಬದ ಕೇಕು. ಫೋನ್ ಬಂತು ಅಂದರೆ ಯಾರೋ ಬಿದ್ದಿದ್ದಾರೆ ಅಂತಲೇ ನನ್ನ ಲೆಕ್ಕ.

"ಮೇಡಂ, ಅಮ್ಮಾವ್ರು ಚೆನ್ನಾಗಿದಾರೆ, ಗಾಬರಿ ಆಗ್ಬೇಡಿ," ಅಂದರು. ಗಾಬರಿ ಆಗಬೇಡಿ ಅಂತ ಯಾರಾದರೂ ಅಂದ ಕೂಡಲೇ ನನಗೆ ಗಾಬರಿ ಶುರುವಾಗುತ್ತೆ. "ಒಂದು ಟೆಸ್ಟ್ ಮಾಡಿದ್ವಿ, ಮರೆವಿನದ್ದು. ಅವರನ್ನ ಥರ್ಡ್ ಫ್ಲೋರ್‌ಗೆ ಶಿಫ್ಟ್ ಮಾಡ್ಬೇಕಾಗತ್ತೆ. ನೀವು ಬಂದು ಸೈನ್ ಹಾಕಿದ್ರೆ..."

ಹೆಚ್ಚುತ್ತಿದ್ದ ಬೀನ್ಸ್ ಹಾಗೇ ಬಿಟ್ಟು ಆಟೋ ಹತ್ತಿದೆ. ತ್ಯಾಗರಾಜನಗರದಿಂದ ಇಟ್ಟಮಡುವಿಗೆ ಎಷ್ಟು ದೂರ ಮಹಾ? ಆವತ್ತು ಮಾತ್ರ ದಾರಿ ಸಾಗಲೇ ಇಲ್ಲ.

ಮರೆವಿನವರನ್ನ ಇಡುವ ಆ ಮೂರನೇ ಮಹಡಿಯನ್ನ ನಾನು ಒಂದೇ ಒಂದು ಸಲ ನೋಡಿದ್ದೆ. ಎರಡು ವರ್ಷದ ಹಿಂದೆ, ಅಮ್ಮನಿಗೆ ರೂಮು ನೋಡಲು ಹೋದಾಗ. ಗ್ರೌಂಡ್ ಫ್ಲೋರ್ ಲಕ್ಷಣವಾಗಿತ್ತು. ಬಾಗಿಲ ಎದುರಿಗೇ ಗಣಪತಿ, ಊಟದ ಹಾಲ್‌ನಲ್ಲಿ ಈರುಳ್ಳಿ ಬೆಳ್ಳುಳ್ಳಿ ಹಾಕದವರಿಗೆ ಬೇರೆ ಸಾಲು, ಹಿಂದೆ ದಾಸವಾಳ, ತುಳಸಿ. ನನ್ನ ಮನೆ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಅಮ್ಮನ ಮಂಡಿ ಕೈಕೊಟ್ಟಿತ್ತು. "ನಿನ್ನ ಮನೇಲಿ ಜೈಲಲ್ಲಿ ಕೂತ ಹಾಗೆ ಕೂರೋದಕ್ಕಿಂತ ಇದೇ ವಾಸಿ ಕಣೇ," ಅಂತ ಅವಳೇ ಒಪ್ಪಿದಳು. ಮೂರನೇ ಮಹಡಿಗೆ ಅವಳನ್ನ ಕರೆದುಕೊಂಡು ಹೋಗಲಿಲ್ಲ. ನಾನೊಬ್ಬಳೇ ಹೋಗಿ ನೋಡಿದೆ. ನಂಬರ್ ಒತ್ತಿದರೆ ಮಾತ್ರ ತೆಗೆಯುವ ಬಾಗಿಲು. ಒಳಗೆ ಟೀವಿ ಜೋರಾಗಿ ಹಾಡ್ತಿತ್ತು, ಒಬ್ಬರೂ ಅದರ ಕಡೆ ನೋಡ್ತಿರಲಿಲ್ಲ. ಒಬ್ಬ ಮುದುಕಿ ನನ್ನ ಸೆರಗು ಹಿಡಿದುಕೊಂಡು, "ಮನೆಗೆ ಹೋಗೋಣ್ವಾ?" ಅಂತ ಕೇಳಿದರು. ಆ ಕೈ ಬಿಡಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು. ಅಲ್ಲಿಗೆ ಹೋದವರು ಕೆಳಗೆ ಬರೋದಿಲ್ಲ ಅಂತ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಫೀಸಿನಲ್ಲಿ ಮ್ಯಾನೇಜರ್ ಒಂದು ಫಾರಂ ಮುಂದಿಟ್ಟರು. ನಲವತ್ತು ದಾಟಿದ ಮನುಷ್ಯ, ಮೆತ್ತಗಿನ ಮಾತು, ಕೈಯಲ್ಲಿ ಯಾವಾಗಲೂ ಎರಡು ಫೋನು. ಪಕ್ಕದಲ್ಲಿ ಸಿಸ್ಟರ್ ನಿಂತಿದ್ದಳು. ಈ ಊರಿಗೆ ಬಂದು ವರ್ಷವಾಗಿದೆ ಅಷ್ಟೆ, ಕನ್ನಡ ಇನ್ನೂ ತಡವರಿಸುತ್ತಾಳೆ, ಆದರೆ ಅಮ್ಮನ ಕಾಲಿಗೆ ಎಣ್ಣೆ ಹಚ್ಚುವವಳು ಅವಳೇ. ಅವಳ ಮೇಲೆ ರೇಗಲು ನನಗೆ ಬಾಯಿ ಬರುವುದಿಲ್ಲ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪೇಪರ್ ತಿದ್ದಿದವಳು ನಾನು. ಅವತ್ತು ನನ್ನ ತಾಯಿಯ ಪೇಪರ್ ನನ್ನ ಕೈಯಲ್ಲಿತ್ತು, ತುಂಬ ಕೆಂಪು ಗೀಟು.

ಇವತ್ತು ಎಷ್ಟನೇ ತಾರೀಕು ಅನ್ನುವುದಕ್ಕೆ ತಪ್ಪು. ಯಾವ ತಿಂಗಳು, ತಪ್ಪು. ಯಾವ ವರ್ಷ, ತಪ್ಪು. ಕೆಳಗೆ ಸಿಸ್ಟರ್ ಬರೆದಿದ್ದಳು: ಹೋದ ತಿಂಗಳು ಮೊಸರು ಬಡಿಸಿದರೆ ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದರು, ಈಗ ಮೊಸರು ಕೇಳಿ ಹಾಕಿಸಿಕೊಳ್ಳುತ್ತಾರೆ, ಹಾಲು ಕೊಟ್ಟರೆ ಬಯ್ಯುತ್ತಾರೆ, ಕಾಫಿ ವಾಪಸ್ ಕಳಿಸುತ್ತಾರೆ. ಅದಕ್ಕೂ ಮುಂಚಿನ ತಿಂಗಳು ಪಲ್ಯವನ್ನೇ ಮುಟ್ಟಲಿಲ್ಲ. ಏನು ಬೇಕು ಅಂತ ಅವರಿಗೇ ಗೊತ್ತಾಗುತ್ತಿಲ್ಲ. ಕೊನೆಯದು: ಮೊನ್ನೆ ಯಾರಿಗೂ ಹೇಳದೆ ಗೇಟು ದಾಟಿ, ಮೇನ್ ರೋಡಿನ ಹತ್ತಿರ ಸಿಕ್ಕಿದರು.

ಓದುತ್ತ ಓದುತ್ತ ನನಗೆ ಮೊದಲು ಉಸಿರು ಬಂತು, ಆಮೇಲೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು.

"ಸಿಸ್ಟರ್, ತಾರೀಕು ಕೇಳಿದಾಗ ಅಮ್ಮ ಏನಂದ್ರು?"

"ಷಷ್ಠಿ ಅಂತ ಏನೋ ಹೇಳಿದ್ರು ಆಂಟಿ. ತಿಂಗಳು ಕೇಳಿದ್ರೆ ಭಾದ್ರ... ಏನೋ. ವರ್ಷ ಕೇಳಿದ್ರೆ ದೊಡ್ಡ ಹೆಸರು ಹೇಳಿದ್ರು, ನನಗೆ ಬರೆಯೋಕೆ ಆಗ್ಲಿಲ್ಲ."

"ಅಯ್ಯೋ ದೇವರೇ! ಅದು ತಿಥಿ ಕಣಮ್ಮಾ. ಭಾದ್ರಪದ ಮಾಸ. ಆ ದೊಡ್ಡ ಹೆಸರು ಸಂವತ್ಸರದ್ದು." ಮ್ಯಾನೇಜರ್ ಕಡೆ ತಿರುಗಿದೆ. "ನೀವಾದ್ರೂ ಈ ಊರವರು. ನಿಮಗೂ ಗೊತ್ತಾಗ್ಲಿಲ್ವಾ?"

ಅವರು ತಲೆ ಕೆರೆದುಕೊಂಡರು. ಮೇಷ್ಟ್ರಗಿತ್ತಿಯ ಕೈಗೆ ಸಿಕ್ಕ ಮೇಲೆ ಬಿಟ್ಟೇನೇ? ಕೂರಿಸಿಕೊಂಡು ಪಾಠ ಮಾಡಿದೆ. ಚಾತುರ್ಮಾಸ್ಯ ಅಂತ ನಾಲ್ಕು ತಿಂಗಳು ವ್ರತ ಇರುತ್ತೆ. ಮೊದಲನೇ ತಿಂಗಳು ತರಕಾರಿ ತಿನ್ನೋದಿಲ್ಲ. ಎರಡನೇ ತಿಂಗಳು ಮೊಸರು ಬಿಡ್ತಾರೆ. ಮೂರನೆಯದು ಕ್ಷೀರವ್ರತ, ಹಾಲು ನಿಷೇಧ, ಮೊಸರು ನಡೆಯುತ್ತೆ. ನಾಲ್ಕನೆಯದರಲ್ಲಿ ಬೇಳೆಕಾಳು ಇಲ್ಲ. ಅಮ್ಮ ಮದುವೆಯಾಗಿ ಬಂದ ವರ್ಷದಿಂದ ಮಾಡಿಕೊಂಡು ಬಂದಿದ್ದಾಳೆ. ನಾನು ಹುಟ್ಟಿದ್ದೂ ಕ್ಷೀರವ್ರತದಲ್ಲೇ, ಬಾಣಂತಿ ಹಾಲು ಕುಡಿಯಬೇಕು ಅಂತ ಅವಳ ಅತ್ತೆ ಗದರಿದರೂ ಅವಳು ಜಪ್ಪಯ್ಯ ಅನ್ನಲಿಲ್ಲವಂತೆ. ನೀವು ಮರೆವು ಅಂತ ಬರೆದಿರೋದು ಮರೆವಲ್ಲ ಸ್ವಾಮಿ, ನೆನಪು. ನಮ್ಮನಿಮ್ಮೆಲ್ಲರಿಗಿಂತ ಜಾಸ್ತಿ ನೆನಪು.

"ಗೇಟು ದಾಟಿದ್ದು?" ಅಂದರು ಮ್ಯಾನೇಜರ್, ಇನ್ನೂ ಮೆತ್ತಗೆ.

"ಕಾಫಿ ಕುಡಿಯೋ ಹಾಗಿಲ್ಲವಲ್ಲ, ಕಷಾಯಕ್ಕೆ ಧನಿಯ ಜೀರಿಗೆ ತರೋಕೆ ಹೋಗಿರ್ತಾಳೆ. ಎದುರುಗಡೆನೇ ಅಂಗಡಿ ಇದೆ."

ಹೋಗಿರ್ತಾಳೆ ಅಂದೆ. ಅವಳನ್ನ ಕೇಳಿರಲಿಲ್ಲ. ಅಷ್ಟು ಖಚಿತವಾಗಿ ಹೇಗೆ ಹೇಳಿದೆನೋ. ಭಯ ಆದಾಗ ನನ್ನ ದನಿ ಏರುತ್ತೆ, ಎದುರಿನವರು ಅದನ್ನ ಧೈರ್ಯ ಅಂದುಕೊಳ್ತಾರೆ.

ಮ್ಯಾನೇಜರ್ ಒಪ್ಪಿದರು. "ಸಾರಿ ಮೇಡಂ. ನಿಮ್ಮೆದುರಿಗೇ ಇನ್ನೊಂದ್ಸಲ ಕೇಳೋಣ. ಸರಿ ಹೇಳಿದ್ರೆ ಇಲ್ಲೇ ಇರಲಿ. ಆದ್ರೆ ನೀವು ಬರೆದುಕೊಡ್ಬೇಕು, ಅಮ್ಮಾವ್ರಿಗೆ ಕಾವಲು ಬೇಡ, ಓಡಾಡಿಕೊಂಡಿರಲಿ, ಜವಾಬ್ದಾರಿ ನಂದು ಅಂತ."

ಅಮ್ಮನನ್ನ ಸಿಸ್ಟರ್ ಕೈ ಹಿಡಿದು ಕರೆತಂದಳು. ಎಂಬತ್ತಮೂರು ವರ್ಷ, ಒದ್ದೆ ಕೂದಲಿಗೆ ಗಂಟು, ಹಣೆಯಲ್ಲಿ ಗೋಪಿಚಂದನದ ಗೀರು. ನನ್ನನ್ನ ನೋಡಿ, "ವಾರದ ಮಧ್ಯ ಬಂದ್ಯಲ್ಲ, ಏನು ಸಮಾಚಾರ?" ಅಂದಳು. ವಾರದ ಮಧ್ಯ! ಕೇಳಿ ನನ್ನ ಎದೆ ಅರಳಿತು. ನೋಡಿದಿರಾ ಅನ್ನುವ ಹಾಗೆ ಮ್ಯಾನೇಜರ್ ಕಡೆ ನೋಡಿದೆ.

"ಅಮ್ಮಾ, ಇವತ್ತು ಯಾವ ತಿಥಿ?"

"ದಶಮಿ. ನಾಳೆ ಏಕಾದಶಿ, ನಿನಗೆ ಅದೂ ಬೇಡವಾಯ್ತಾ?"

"ಯಾವ ಮಾಸ?"

"ಭಾದ್ರಪದ. ಬಹುಳ. ಪಿತೃಪಕ್ಷ. ಇದೇನೇ ಇದು, ಮಗಳು ಅಮ್ಮನಿಗೆ ಪಾಠ ಒಪ್ಪಿಸು ಅನ್ನೋದು?"

ಸಂವತ್ಸರವನ್ನೂ ಪಟ್ಟನೆ ಹೇಳಿದಳು. ಮ್ಯಾನೇಜರ್ ಫೋನಿನಲ್ಲಿ ಪಂಚಾಂಗ ತೆಗೆದು ಒಂದೊಂದಕ್ಕೂ ತಲೆಯಾಡಿಸಿದರು. ಎಲ್ಲ ಸರಿ. ನೂರಕ್ಕೆ ನೂರು. ಸಿಸ್ಟರ್ ಮುಖದಲ್ಲೂ ನಗು. ಮ್ಯಾನೇಜರ್ ಹಳೇ ಫಾರಂ ಹರಿದು ಬುಟ್ಟಿಗೆ ಹಾಕಿದರು, ಎಲ್ಲರಿಗೂ ಕಾಫಿ ಹೇಳಿ, ಹೊಸ ಕಾಗದ ಪ್ರಿಂಟ್ ತೆಗೆಯಲು ಪಕ್ಕದ ರೂಮಿಗೆ ಎದ್ದು ಹೋದರು.

ಕಾಫಿ ಬಂತು. ನಾನು ಸಿಸ್ಟರ್‌ಗೆ ಇನ್ನೂ ವ್ರತದ ವಿಷಯ ಹೇಳ್ತಾನೇ ಇದ್ದೆ, ಮುಂದಿನ ತಿಂಗಳು ಬೇಳೆ ಹಾಕಬೇಡಿ, ಹುಳಿ ಬಡಿಸಿದರೆ ತಟ್ಟೆ ಬಿಟ್ಟು ಎದ್ದು ಹೋಗ್ತಾಳೆ ಅಂತ. ಹೇಳುತ್ತ ಹೇಳುತ್ತ ಒಂದು ಲೋಟ ನಾನು ತಗೊಂಡೆ, ಒಂದನ್ನ ಅಮ್ಮನ ಕೈಗೆ ಕೊಟ್ಟೆ. ಸಿಸ್ಟರ್ ಯಾವುದೋ ಬೆಲ್ ಕೇಳಿ ಹೊರಗೆ ಓಡಿದಳು. ತಿರುಗಿ ನೋಡಿದರೆ ಅಮ್ಮ ಲೋಟವನ್ನ ಬಾಯಿಗೆ ಕಚ್ಚಿಕೊಂಡು, ಕಣ್ಣು ಅರೆ ಮುಚ್ಚಿ, ಗುಟುಕು ಗುಟುಕಾಗಿ ಕುಡೀತಿದ್ದಾಳೆ.

ಮೊದಲು ಬಂದದ್ದು ನನ್ನ ಮೇಲೇ ಸಿಟ್ಟು. ಕೊಟ್ಟವಳು ನಾನಲ್ಲವಾ? ಬಾಯಲ್ಲಿ ವ್ರತ, ಕೈಯಲ್ಲಿ ಹಾಲಿನ ಕಾಫಿ. ನಾನೇ ಮರೆತ ಮೇಲೆ ಅವಳು ಮರೆತರೆ ಏನು ಮಹಾ ಅಂತ ಒಂದು ಕ್ಷಣ ಸಮಾಧಾನ ಹೇಳಿಕೊಂಡೆ. ಅದು ನಿಲ್ಲಲಿಲ್ಲ. ನನ್ನದು ವ್ರತವಲ್ಲ. ಈ ಹೆಂಗಸು ಬಾಣಂತಿಯಾಗಿದ್ದಾಗ ಹಾಲು ಮುಟ್ಟಲಿಲ್ಲ, ಅಪ್ಪ ತೀರಿಕೊಂಡ ವರ್ಷ ತಾನೇ ಹಾಸಿಗೆ ಹಿಡಿದಾಗ ಮುಟ್ಟಲಿಲ್ಲ, ಡಾಕ್ಟರು ಕೈಮುಗಿದರೂ ಮುಟ್ಟಲಿಲ್ಲ.

"ಅಮ್ಮಾ," ಅಂದೆ.

"ಚೆನ್ನಾಗಿದೆ ಕಣೇ. ಎಷ್ಟು ದಿನವಾಗಿತ್ತು ಇಂಥ ಕಾಫಿ ಕುಡಿದು." ಇನ್ನೊಂದು ಗುಟುಕು ಎಳೆದಳು. ಆಮೇಲೆ ನನ್ನ ಮುಖ ನೋಡಿದಳು. ಅದರಲ್ಲಿ ಏನು ಕಂಡಿತೋ, ಲೋಟ ನಿಧಾನವಾಗಿ ಕೆಳಗಿಳಿಯಿತು. ಒಳಗಿನ ಕಾಫಿಯನ್ನೇ ನೋಡುತ್ತ ಕೂತಳು.

"ಈಗ ಯಾವ ತಿಂಗಳೇ ನಡೀತಿರೋದು?" ಅಂದಳು. ತುಂಬ ಮೆಲ್ಲಗೆ, ಪಕ್ಕದ ರೂಮಿಗೆ ಕೇಳಿಸಬಾರದು ಅನ್ನುವ ಹಾಗೆ.

ಹತ್ತು ನಿಮಿಷದ ಹಿಂದೆ ಇದೇ ಬಾಯಲ್ಲಿ ಭಾದ್ರಪದ ಅಂದಿದ್ದಳು.

"ಈಗಷ್ಟೇ ಹೇಳಿದ್ಯಲ್ಲಮ್ಮಾ."

"ಬೆಳಿಗ್ಗೆ ಕ್ಯಾಲೆಂಡರ್ ನೋಡಿ ಬಾಯಿಪಾಠ ಮಾಡ್ಕೊಂಡಿರ್ತೀನಿ. ಸಿಸ್ಟರ್ ಕೇಳ್ತಾಳೆ ಅಂತ." ನನ್ನ ಕೈ ಹಿಡಿದುಕೊಂಡಳು. ಉಗುರು ಚುಚ್ಚುವಷ್ಟು ಗಟ್ಟಿಯಾಗಿ. "ಒಂದೊಂದು ಹೊತ್ತು ಏನೂ ಹೊಳೆಯೋದಿಲ್ಲ. ಮೊನ್ನೆ ಗೇಟಿನಾಚೆ ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ. ನಿಂತ್ಕೊಂಡು ಯೋಚನೆ ಮಾಡ್ದೆ, ಮಾಡ್ದೆ, ಗೊತ್ತಾಗ್ಲಿಲ್ಲ. ಅವರಿಗೆ ಹೇಳ್ಬೇಡ್ವೇ. ಮೇಲಕ್ಕೆ ಹಾಕಿಬಿಡ್ತಾರೆ."

ಮೂರನೇ ಮಹಡಿಯನ್ನ ಅವಳಿಂದ ಬಚ್ಚಿಟ್ಟಿದ್ದೀನಿ ಅಂತ ಎರಡು ವರ್ಷ ನಾನು ಅಂದುಕೊಂಡಿದ್ದೆ. ಅವಳಿಗೆ ಎಲ್ಲ ಗೊತ್ತಿತ್ತು. ದಿನಾ ಬೆಳಿಗ್ಗೆ ಎದ್ದು, ಒಬ್ಬಳೇ, ಆ ಮಹಡಿಗೆ ಹೆದರಿಕೊಂಡು ಪರೀಕ್ಷೆಗೆ ಓದುತ್ತಿದ್ದಳು. ಅಳುವುದಕ್ಕೂ ಧೈರ್ಯ ಸಾಲಲಿಲ್ಲ. ಪಕ್ಕದ ರೂಮಿನಲ್ಲಿ ಪ್ರಿಂಟರ್ ಸದ್ದು ನಿಂತಿತ್ತು.

ಅವಳ ಕೈಯಿಂದ ಲೋಟ ತಗೊಂಡೆ. ಅರ್ಧ ಉಳಿದಿತ್ತು. ಅದನ್ನ ಮೇಜಿನ ಮೇಲಿಟ್ಟರೆ ಮ್ಯಾನೇಜರ್ ನೋಡ್ತಾರೆ. ಪಾಠ ಮಾಡಿದವಳು ನಾನೇ, ಹಾಲು ಅಂದರೆ ಏನು ಅಂತ ಅವರಿಗೀಗ ಚೆನ್ನಾಗಿ ಗೊತ್ತು. ಒಂದೇ ಉಸಿರಿಗೆ ಕುಡಿದುಬಿಟ್ಟೆ. ಎಂಜಲು ಅಂತ ನಾನು ಮಗುವಾಗಿದ್ದಾಗಲೂ ತನ್ನ ಲೋಟ ಮುಟ್ಟಿಸದವಳು, ಸುಮ್ಮನೆ ನೋಡುತ್ತ ಕೂತಳು. ಸೆರಗಿನ ತುದಿಯಿಂದ ಅವಳ ತುಟಿ ಒರೆಸಿದೆ.

ಮ್ಯಾನೇಜರ್ ಬಂದು ಕಾಗದ ಇಟ್ಟರು. "ಇಲ್ಲೊಂದು ಸೈನ್ ಮೇಡಂ. ಅಮ್ಮಾವ್ರು ಸಖತ್ ಶಾರ್ಪ್ ಇದಾರೆ, ನಮ್ದೇ ತಪ್ಪು."

ಗೇಟಿನಾಚೆಯ ಮೇನ್ ರೋಡು ಕಣ್ಣಿಗೆ ಕಟ್ಟಿತು, ಸುಯ್ಯಂತ ಬರುವ ಬಸ್ಸು, ನೀರಿನ ಟ್ಯಾಂಕರು, ಅದರ ಅಂಚಿನಲ್ಲಿ ನಿಂತುಕೊಂಡು ಯಾಕೆ ಬಂದೆ ಅಂತ ಯೋಚನೆ ಮಾಡುತ್ತಿರುವ ನನ್ನಮ್ಮ. ಅಮ್ಮ ಮೇಜಿನ ಕೆಳಗೆ ನನ್ನ ಎಡಗೈ ಬಿಟ್ಟಿರಲಿಲ್ಲ.

ಬಲಗೈಯಲ್ಲಿ ಸೈನ್ ಹಾಕಿದೆ.