ಮೊದಲ ದಿನ ಬಾನೆಟ್ ತೆರೆಯದ ಸಿದ್ದು

2025ರ ನವೆಂಬರ್ 16, ಭಾನುವಾರ, ಬೆಳಗಿನ ಜಾವ ಐದು ಗಂಟೆ ಇಪ್ಪತ್ತು ನಿಮಿಷ. ಮೈಸೂರಿನ ಅಗ್ರಹಾರದ ಈ ಓಣಿಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಸಿದ್ದು ಅವರ ಶೆಡ್ ಮಾತ್ರ. ಶೆಡ್ ಎಷ್ಟು ಚಿಕ್ಕದೆಂದರೆ, ಒಳಗೆ ನಿಂತ ಕಾರಿನ ಹಿಂಭಾಗ ರಸ್ತೆಯಲ್ಲೇ ಉಳಿಯುತ್ತದೆ. ಹಾಲಿನ ಸೈಕಲ್ಲುಗಳು ಅದನ್ನು ಬಳಸಿಕೊಂಡು ಹೋಗುತ್ತವೆ. ಸಿದ್ದು ಮುಂದಿನ ಎಡಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಗಾಳಿ ನೋಡುತ್ತಾರೆ, ಎದ್ದು ಬಲಚಕ್ರಕ್ಕೆ ಹೋಗುತ್ತಾರೆ, ಮತ್ತೆ ಎಡಕ್ಕೇ ಬರುತ್ತಾರೆ.

“ಸಿದ್ದಣ್ಣ, ಅದನ್ನ ಈಗ ತಾನೇ ನೋಡಿದ್ರಿ,” ಎನ್ನುತ್ತಾರೆ ಸೀಟಿನಲ್ಲಿ ಕೂತ ನಿಶ್ಚಿತಾ.

“ಗೊತ್ತು ಮೇಡಂ. ಕೈ ಸುಮ್ನಿರಲ್ಲ, ನೋಡ್ಲಿ ಬುಡಿ.”

ಕಾರು ನಿಶ್ಚಿತಾ ಅವರದು. ಹದಿನಾರು ವರ್ಷ ಹಳೆಯದು, ಮೂರು ಸಿಲಿಂಡರಿನದು, ಎಂಟುನೂರು ಸಿ.ಸಿ.ಯದು. ಒಂಟಿಕೊಪ್ಪಲಿನ ನಿಶ್ಚಿತಾ ವಾಹನ ಚಾಲನೆ ಕಲಿಸುವ ಶಾಲೆಯೊಂದರಲ್ಲಿ ಶಿಕ್ಷಕಿ. “ಇಡೀ ದಿನ ಇಪ್ಪತ್ತರ ಸ್ಪೀಡಲ್ಲಿ ಕ್ಲಚ್ ಬುಡಿ, ಕ್ಲಚ್ ಬುಡಿ ಅಂತ ಕಿರುಚ್ತೀನಿ. ಭಾನುವಾರನಾದ್ರೂ ನಾನು ಓಡಿಸ್ಬೇಡ್ವಾ?” ಎನ್ನುವುದು ಅವರ ವಾದ. ಕಡಕೊಳದ ಬಳಿಯ ಖಾಲಿ ಮೈದಾನದಲ್ಲಿ ಊರಿನ ಹವ್ಯಾಸಿಗಳ ಕ್ಲಬ್ಬೊಂದು ಸಣ್ಣ ಕಾರುಗಳ ಓಟ ನಡೆಸುತ್ತದೆ. ಮುಂದಿನ ತಿಂಗಳ ಸ್ಪರ್ಧೆಗೆ ಹೆಸರು ಬರೆಸಬೇಕಾದರೆ ಇವತ್ತಿನ ಎರಡು ಸುತ್ತುಗಳಲ್ಲಿ ಒಂದನ್ನಾದರೂ ಎಪ್ಪತ್ತೆರಡು ಸೆಕೆಂಡಿನೊಳಗೆ ಮುಗಿಸಬೇಕು. ಕಳೆದ ಸಲ ನಿಶ್ಚಿತಾಗೆ ಎಪ್ಪತ್ತೈದು ಹಿಡಿದಿತ್ತು.

ಆಮೇಲೆ ಅವರು ಹದಿನಾರು ಸಾವಿರ ರೂಪಾಯಿ ಕೂಡಿಸಿಕೊಂಡು ಈ ಶೆಡ್ಡಿಗೆ ಬಂದರು. ಅವರ ಮನಸ್ಸಿನಲ್ಲಿದ್ದದ್ದು ದಪ್ಪ ಸೈಲೆನ್ಸರ್ ಮತ್ತು ದೊಡ್ಡ ಏರ್ ಫಿಲ್ಟರ್. ಮೈದಾನದಲ್ಲಿ ಎಲ್ಲರೂ ಹಾಕಿಸಿಕೊಳ್ಳುವುದು ಅದನ್ನೇ. ಸಿದ್ದು ಬೇಡ ಎಂದರು. ಹಣವನ್ನೆಲ್ಲ ಬೇರೆ ಕಡೆ ಹಾಕಿದರು. ಅವರ ಕೈ ಇವತ್ತು ಸುಮ್ಮನಿರದಿರುವುದು ಆ ಕಾರಣಕ್ಕೆ. “ಟೈಮ್ ಬರ್ಲಿಲ್ಲ ಅಂದ್ರೆ ತಪ್ಪು ಅವರ್ದಲ್ಲ, ಕಾರಿಂದೂ ಅಲ್ಲ. ಆರಿಸ್ದೋನು ನಾನು.”

ನಲವತ್ತೆರಡರ ಸಿದ್ದು ಹುಟ್ಟಿದ್ದು ತಿ. ನರಸೀಪುರದ ಕಡೆಯ ಹಳ್ಳಿಯಲ್ಲಿ. ಅಪ್ಪ ಮರಿಯಯ್ಯ ಮೈಸೂರಿಗೆ ಬಂದು ಲಾರಿ ಲೋಡಿಂಗ್ ಕೆಲಸ ಹಿಡಿದರು. ಮಗ ಐಟಿಐ ಮುಗಿಸಿ ಕಡಕೊಳದ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿಗೆ ಸೇರಿದರು. ಇಷ್ಟು ವರ್ಷವಾದರೂ ಅವರು ಗುತ್ತಿಗೆ ಕೆಲಸಗಾರರೇ. ಎರಡು ಸಲ ಗುತ್ತಿಗೆ ಮುಗಿದು ಮನೆಯಲ್ಲಿ ಕೂತದ್ದೂ ಇದೆ. ಹಾಗೆ ಕೂರಲಾಗದೆ ಬಾಡಿಗೆಗೆ ಹಿಡಿದದ್ದು ಈ ಶೆಡ್. ಈಗ ಬೆಳಗ್ಗೆ ಎಂಟರವರೆಗೆ ಇಲ್ಲಿ, ಹಗಲೆಲ್ಲ ಕಾರ್ಖಾನೆಯಲ್ಲಿ, ಸಂಜೆ ಮತ್ತೆ ಇಲ್ಲಿ. “ನಮ್ಮೋರು ಕೊನೇ ಸಲ ನೆಟ್ಟಗೆ ಕೂತ್ಕೊಂಡು ಊಟ ಮಾಡಿದ್ದು ನಮ್ಮ ಮದ್ವೇಲಿ. ಅದೂ ಫೋಟೋದೋರು ಬಿಡ್ಲಿಲ್ಲ ಅಂತ,” ಎಂದು ನಗುತ್ತಾರೆ ಹೆಂಡತಿ ಅನುಪಮಾ.

ಅವರ ಬಳಿ ಬರುವುದು ಹೊಸ ಕಾರಿನವರಲ್ಲ. ಕೈಯಲ್ಲಿ ಸ್ವಲ್ಪ ಹಣ, ತಲೆಯಲ್ಲಿ ಫೋನಿನಲ್ಲಿ ನೋಡಿದ ವಿಡಿಯೋಗಳು, ಇಷ್ಟಿರುವವರು. ಅವರಿಗೆಲ್ಲ ಮೊದಲ ದಿನ ನಿರಾಸೆ ಕಾದಿರುತ್ತದೆ. ಸಿದ್ದು ಅವತ್ತು ಬಾನೆಟ್ ತೆರೆಯುವುದೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು, “ನಡೀರಿ, ಒಂದು ಸುತ್ತು,” ಎನ್ನುತ್ತಾರೆ. ನಂಜನಗೂಡು ರಸ್ತೆಗೆ ಹೋಗಿಬರುವಷ್ಟು ಹೊತ್ತೂ ಅವರು ನೋಡುವುದು ರಸ್ತೆಯನ್ನಲ್ಲ, ಓಡಿಸುವವರ ಬಲಗಾಲನ್ನು. ಆ ಕಾಲು ಆಕ್ಸಿಲರೇಟರ್‌ನಿಂದ ಎಲ್ಲಿ ಮೇಲೇಳುತ್ತದೆ, ಎಷ್ಟು ಬೇಗ ಏಳುತ್ತದೆ ಎಂಬುದಷ್ಟೇ ಅವರಿಗೆ ಬೇಕು.

“ಕಾಲು ಎತ್ತೋದು ಯಾಕೆ? ನಂಬಿಕೆ ಇಲ್ಲದ್ದಕ್ಕೆ. ತಿರುವಲ್ಲಿ ಎತ್ತಿದ್ರೆ ಟೈರ್ ಮೇಲೆ ನಂಬಿಕೆ ಇಲ್ಲ. ತಿರುವು ಇನ್ನೂ ದೂರ ಇರೋವಾಗ್ಲೇ ಎತ್ತಿದ್ರೆ ಬ್ರೇಕ್ ಮೇಲೆ ಇಲ್ಲ. ನೇರ ರಸ್ತೇಲಿ ಪೂರಾ ಒತ್ತಿದ್ರೂ ಸಾಲ್ದು ಅಂದ್ರೆ ಮಾತ್ರ ಇಂಜಿನ್ ಕಡೆ ಹೋಗ್ಬೇಕು. ಎಲ್ಲಿ ಎತ್ತುತ್ತಾರೋ ಅಲ್ಲಿಗೆ ದುಡ್ಡು ಹಾಕ್ಬೇಕು ಕಣ್ರೀ.”

ನಿಶ್ಚಿತಾ ತಿರುವು ಇನ್ನೂ ಬಹಳ ದೂರವಿರುವಾಗಲೇ ಕಾಲೆತ್ತುತ್ತಿದ್ದರು. ಹೀಗಾಗಿ ಹದಿನಾರು ಸಾವಿರದಲ್ಲಿ ನಾಲ್ಕು ಒಳ್ಳೆಯ ಟೈರು, ಮುಂದಿನ ಬ್ರೇಕಿಗೆ ಹೊಸ ಪ್ಯಾಡು, ಹಿಂದಿನ ಎರಡು ಶಾಕ್ ಅಬ್ಸಾರ್ಬರ್ ಬಂದವು. ಉಳಿದದ್ದು ಹಣ ಬೇಡದ ಕೆಲಸ. ಹಿಂದಿನ ಸೀಟು, ಸ್ಟೆಪ್ನಿ, ಜಾಕ್, ಕಾರ್ಪೆಟ್ಟು, ಸ್ಪೀಕರ್ ಎಲ್ಲ ಬಿಚ್ಚಿ ಎದುರಿನ ಗುಜರಿ ಅಂಗಡಿಯ ತಕ್ಕಡಿಯಲ್ಲಿ ತೂಗಿದಾಗ ನಲವತ್ತೊಂದು ಕೆ.ಜಿ. ಬಂತು. ಅಷ್ಟು ಭಾರ ಇಳಿದರೆ ಇಂಜಿನ್ ಮುಟ್ಟದೆಯೇ ಶಕ್ತಿ ಕೂಡಿದಂತೆ. ಗುಜರಿಯವನು ಮಾತ್ರ, “ನಂಗೇ ಕೊಟ್ಬುಡಿ ಮೇಡಂ, ಹೆಂಗೂ ಅರ್ಧ ಕಾರು ಇಲ್ಲೇ ಬಂದೈತೆ,” ಎಂದನಂತೆ.

ಆರು ಗಂಟೆಗೆ ಹೊರಡುವ ಹೊತ್ತಿಗೆ ನಿಶ್ಚಿತಾ ಅವರ ತಾಯಿ ಸರ್ವಮಂಗಳಾ ಎದುರಿನ ಗುಡಿಯಿಂದ ಕುಂಕುಮ ತಂದು ಸ್ಟೀರಿಂಗಿಗೆ ಹಚ್ಚಿ ಪಕ್ಕದ ಸೀಟಿನಲ್ಲಿ ಕೂರುತ್ತಾರೆ. ಸಿದ್ದು ಸ್ಕೂಟರಿನಲ್ಲಿ ಹಿಂದೆ ಹೋಗುತ್ತಾರೆ. ಸಿಗ್ನಲ್ಲಿನಲ್ಲಿ ಕಾರು ನಿಂತಾಗಲೆಲ್ಲ ಬಗ್ಗಿ ಚಕ್ರ ನೋಡುತ್ತಾರೆ.

ಮೈದಾನದಲ್ಲಿ ಸಮಯ ಅಳೆಯುವುದು ಯೋಗೇಂದ್ರ. ನಿಶ್ಚಿತಾರ ಕಾರಿನ ಸಣ್ಣ ಸದ್ದು ಕೇಳಿ ಅವರು ಸುಮ್ಮನಿರುವುದಿಲ್ಲ. “ಏನ್ ಸಿದ್ದು, ಎಲ್ರೂ ಕಾರಿಗೆ ಗಂಟ್ಲು ಕೊಡ್ಸಿದ್ರೆ ನೀನು ಚಪ್ಪಲಿ ಕೊಡ್ಸಿದ್ದೀಯ!”

“ಓಡೋದು ಗಂಟ್ಲಲ್ಲಲ್ಲ ಸಾರ್,” ಎಂದು ಸಿದ್ದು ನಗಲು ನೋಡುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ತಾಯಿಯನ್ನು ಇಳಿಸಿ ಹೊರಟ ಮೊದಲ ಸುತ್ತಿನಲ್ಲಿ ನಿಶ್ಚಿತಾ, ತಿರುವಿನ ಗುರುತಿಗೆ ಇಟ್ಟ ಪ್ಲಾಸ್ಟಿಕ್ ಕೋನುಗಳ ಹತ್ತಿರದವರೆಗೂ ಕಾಲೆತ್ತುವುದಿಲ್ಲ. ಬ್ರೇಕು ಹಿಡಿಯುತ್ತದೆ, ಟೈರು ಜಾರುವುದಿಲ್ಲ. ಆದರೆ ತಿರುವು ಮುಗಿಸಿ ನೇರಕ್ಕೆ ಬಂದಾಗ ಕಾರು ಏಳುವುದು ನಿಧಾನ. ಯೋಗೇಂದ್ರ ಓದುತ್ತಾರೆ: “ಎಪ್ಪತ್ತೆರಡು ಪಾಯಿಂಟ್ ನಾಲ್ಕು.”

ಅರ್ಧ ಸೆಕೆಂಡೂ ಇಲ್ಲದ ಅಂತರ. ನಿಶ್ಚಿತಾ ಇಳಿದು ಕಾರಿಗೆ ಒರಗಿ ನಿಲ್ಲುತ್ತಾರೆ. “ಸೈಲೆನ್ಸರ್ ಹಾಕ್ಸಿದ್ರೆ ನೇರದಲ್ಲಿ ಆ ಅರ್ಧ ಸೆಕೆಂಡ್ ಬರ್ತಿತ್ತೇನೋ ಸಿದ್ದಣ್ಣ,” ಎನ್ನುವ ಅವರ ದನಿಯಲ್ಲಿ ಕೋಪವಿಲ್ಲ. ಸಿದ್ದುಗೆ ಅದೇ ಹೆಚ್ಚು ನೋವು. ಅವರು ಕಾರಿನ ಸುತ್ತ ತಿರುಗುತ್ತಾರೆ. ಚಕ್ರ ಮುಟ್ಟುತ್ತಾರೆ, ಬಿಸಿ ಸರಿಯಾಗಿದೆ. ಡಿಕ್ಕಿಯ ಮೇಲೆ ಎರಡೂ ಕೈ ಇಟ್ಟು ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಬರಿದಾದ ಹಿಂಭಾಗ ಪುಟಿಯಬೇಕು. ಪುಟಿಯುತ್ತಿಲ್ಲ. ಬಾಗಿಲು ತೆಗೆದು ಕೀಲಿ ತಿರುಗಿಸಿ ಮೀಟರ್ ನೋಡುತ್ತಾರೆ. ಪೆಟ್ರೋಲಿನ ಮುಳ್ಳು ಮೇಲಿನ ತುದಿಯಲ್ಲಿದೆ.

“ನಿನ್ನೆ ಬೆಳಗ್ಗೆ ಕಾಲು ಟ್ಯಾಂಕ್ ಇತ್ತಲ್ಲ ಮೇಡಂ. ಯಾರು ತುಂಬ್ಸಿದ್ದು?”

ನಿಶ್ಚಿತಾ ತಾಯಿಯ ಕಡೆ ತಿರುಗುತ್ತಾರೆ. “ನಾನೇ ಕಣಪ್ಪ,” ಎನ್ನುತ್ತಾರೆ ಸರ್ವಮಂಗಳಾ, ಮರೆಮಾಚದೆ. “ನಿನ್ನೆ ಸಂಜೆ ಕಾರಿಗೆ ಪೂಜೆ ಮಾಡ್ಸಿ ಬರೋವಾಗ ಫುಲ್ ಹಾಕ್ಸಿದೆ. ಒಳ್ಳೆ ಕೆಲಸಕ್ಕೆ ಹೊರಟ ಹೆಣ್ಮಗೂನ ಬರೀ ಟ್ಯಾಂಕಲ್ಲಿ ಕಳಿಸ್ತಾರೇನು?”

“ಸ್ಕೂಲ್ ಕಾರಿಗೆ ದಿನಾ ಬೆಳಗ್ಗೆ ಫುಲ್ ಮಾಡ್ತೀನಿ. ನಂಗೂ ಏನೂ ಅನ್ನಿಸ್ಲಿಲ್ಲ,” ಎನ್ನುತ್ತಾರೆ ಮಗಳು.

ಪೆಟ್ರೋಲು ಲೀಟರಿಗೆ ಸುಮಾರು ಮುಕ್ಕಾಲು ಕೆ.ಜಿ. ತೂಗುತ್ತದೆ. ತಾಯಿಯ ಹಾರೈಕೆ ಹಿಂದಿನ ಚಕ್ರಗಳ ಮೇಲೆ ಹದಿನೈದು ಕೆ.ಜಿ.ಗೂ ಹೆಚ್ಚು ಭಾರವಾಗಿ ಕೂತಿದೆ. ಸಿದ್ದು ಹಣೆ ಚಚ್ಚಿಕೊಳ್ಳುತ್ತಾರೆ. “ಅವರ್ದೇನೂ ತಪ್ಪಿಲ್ಲ. ಬಿಚ್ಚಿದ್ದನ್ನೆಲ್ಲ ತೂಕ ಹಾಕಿದೆ, ತುಂಬ್ಸಬೇಡಿ ಅನ್ನೋದೊಂದು ಮಾತು ಬಾಯಲ್ಲಿ ಬರ್ಲಿಲ್ಲ ನೋಡಿ!”

ಎರಡನೆಯ ಸುತ್ತಿಗೆ ಇಪ್ಪತ್ತು ನಿಮಿಷವಿದೆ. ಅಷ್ಟರಲ್ಲಿ ಸಿದ್ದು ಕಾರನ್ನು ಜನರಿಂದ ದೂರ, ಸ್ವಲ್ಪ ಎತ್ತರದ ಜಾಗಕ್ಕೆ ತಳ್ಳಿ, ಟ್ಯಾಂಕಿಗೆ ರಬ್ಬರ್ ಪೈಪು ಇಳಿಸಿ, ಕ್ಲಬ್ಬಿನ ಜನರೇಟರಿಗೆ ತಂದಿದ್ದ ಎರಡು ಖಾಲಿ ತಗಡಿನ ಕ್ಯಾನುಗಳನ್ನು ಕೇಳಿ ಪಡೆಯುತ್ತಾರೆ. ಬಾಯಲ್ಲಿ ಎಳೆದಾಗ ಒಂದು ಗುಟುಕು ನಾಲಿಗೆಗೇ ಬರುತ್ತದೆ. ಉಗುಳಿ, ನೀರು ಮುಕ್ಕಳಿಸಿ, ಮತ್ತೆ ಪೈಪು ಹಿಡಿಯುತ್ತಾರೆ.

“ಅಯ್ಯೋ, ನಾನು ಕೊಟ್ಟ ಪೆಟ್ರೋಲು,” ಎಂದು ಸರ್ವಮಂಗಳಾ ಸಂಕಟಪಡುತ್ತಾರೆ.

“ಎಲ್ಲೂ ಹೋಗಲ್ಲ ಕಣಮ್ಮ. ಮನೆಗೆ ಹೋಗೋವಾಗ ಮತ್ತೆ ಅದರ ಹೊಟ್ಟೆಗೇ ಹಾಕ್ತೀನಿ. ನಿಮ್ಮ ಆಶೀರ್ವಾದ ಒಂದು ಸುತ್ತು ಕ್ಯಾನಲ್ಲಿರ್ಲಿ.”

ಸರ್ವಮಂಗಳಾ ನಗುತ್ತಾರೆ, ನಿಶ್ಚಿತಾ ಕೂಡ. ಕ್ಯಾನುಗಳು ತುಂಬುತ್ತವೆ. ಮುಳ್ಳು ಕೆಳಗಿನ ಕೆಂಪು ಗೆರೆಗೆ ಇಳಿಯುತ್ತದೆ. ಡಿಕ್ಕಿ ಒತ್ತಿದರೆ ಈಗ ಪುಟಿಯುತ್ತದೆ.

ಕಾರು ಗೆರೆಯ ಬಳಿ ಹೋಗಿ ನಿಲ್ಲುತ್ತದೆ. ಸಿದ್ದು ಬೇಲಿಯ ಉದ್ದಕ್ಕೂ ಹೋಗುತ್ತಾರೆ, ಬರುತ್ತಾರೆ. ಅವರು ಕೆಲಸ ಮಾಡಿಕೊಟ್ಟ ಕಾರುಗಳು ಇಲ್ಲಿ ಎಷ್ಟೋ ಸಲ ಬಹುಮಾನ ಪಡೆದಿವೆ. ಮಾರನೆಯ ದಿನ ಪತ್ರಿಕೆಯಲ್ಲಿ ಕಾಣುವುದು ಬಹುಮಾನದ ಕಪ್ ಹಿಡಿದವರ ಮುಖ ಮಾತ್ರ. ಬೇಸರವಿಲ್ಲವೇ ಎಂದರೆ ತಲೆಯಾಡಿಸುತ್ತಾರೆ. “ನನ್ ಮುಖ ತಗೊಂಡು ಏನ್ ಮಾಡ್ತಾರೆ? ಫೋಟೋ ತೆಗೆಯೋರು ಸ್ವಲ್ಪ ಕೆಳಗಿಂದ ತೆಗೀಲಿ. ನಾಲ್ಕರಲ್ಲಿ ಎರಡು ಟೈರಾದ್ರೂ ಕಾಣ್ಲಿ.”

ಬಾವುಟ ಇಳಿಯುತ್ತದೆ. ಮೊದಲ ತಿರುವು, ಎರಡನೆಯದು. ಸಿದ್ದು ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಕಾಲು ಎಲ್ಲಿ ಏಳುತ್ತದೆಂದು ದೂರದಿಂದಲೇ ಲೆಕ್ಕ ಹಾಕುತ್ತಾರೆ. ಕೊನೆಯ ತಿರುವಿನ ಕೋನು ಹತ್ತಿರ ಬರುತ್ತದೆ, ಸದ್ದು ತಗ್ಗುವುದಿಲ್ಲ. ಇನ್ನೂ ಹತ್ತಿರ. ಆಗ ಬ್ರೇಕು, ತಿರುವು, ಮತ್ತೆ ಪೂರ್ತಿ ಸದ್ದು, ನೇರ ದಾರಿ. ಕಾರು ಗೆರೆ ದಾಟುತ್ತದೆ. ಬೆಳಗಿನಿಂದ ಮೊದಲ ಬಾರಿಗೆ ಸಿದ್ದು ನಿಂತಲ್ಲೇ ನಿಂತಿದ್ದಾರೆ.

ಯೋಗೇಂದ್ರ ಗಡಿಯಾರವನ್ನು ಪಕ್ಕದವರಿಗೂ ತೋರಿಸಿ, ಸೀಮೆಸುಣ್ಣದಲ್ಲಿ ಹಲಗೆಯ ಮೇಲೆ ಬರೆಯುತ್ತಾರೆ: 71.6 ಸೆಕೆಂಡ್.