ಐವತ್ತೆಂಟು ಕಿಲೋ ಮರಳು

ನಮ್ಮ ಭಾವ ಲಿಫ್ಟ್ ಮೆಕ್ಯಾನಿಕ್. ಮೂವತ್ತು ವರ್ಷ ಊರಿನ ಅರ್ಧ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸಿದವರು, ತಾವು ಮಾತ್ರ ಮೆಟ್ಟಿಲು ಹತ್ತುತ್ತಿದ್ದರು. ಕೇಳಿದರೆ, "ಈ ಲಿಫ್ಟಿಗೆ ನಾನು ತೂಕ ಹಾಕಿ ನೋಡಿಲ್ಲ" ಎನ್ನುವರು. ಅವರ ಕಸುಬಿನಲ್ಲಿ ಅದು ಮೊದಲ ಪಾಠ. ಲಿಫ್ಟು ಎಷ್ಟು ಭಾರ ಹೊರಬೇಕೋ ಅಷ್ಟು ಕಬ್ಬಿಣದ ಗಟ್ಟಿಗಳನ್ನು ಹೇರಿ, ಮೇಲೆ ಕೆಳಗೆ ಓಡಿಸಿ, ತಪಾಸಣೆ ಕಾರ್ಡಿನಲ್ಲಿ ಬರೆದು ಸಹಿ ಹಾಕಬೇಕು. ಮನುಷ್ಯರು ಹತ್ತುವುದು ಆಮೇಲೆ. ಓಡಿಸಿ ನೋಡದೆ ಸಹಿ ಹಾಕು ಎಂದು ಗಂಟುಬಿದ್ದ ಮಾಲೀಕರ ಹತ್ತಿರ ಎರಡು ಸಲ ಕೆಲಸ ಬಿಟ್ಟು ಬಂದಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅಂತ ನಾನು ಹಿಂದಿನಿಂದ ಆಡಿಕೊಳ್ಳುತ್ತಿದ್ದೆ. ಜೊತೆ ಕೆಲಸದವರು ಇಟ್ಟ ಅಡ್ಡಹೆಸರು ತೂಕದಯ್ಯ.

ಅಕ್ಕ ಅವರಿಗೆ ಗಂಟುಬಿದ್ದದ್ದೂ ತೂಕದಿಂದಲೇ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅವಳು ಗುಂಡಿ ಕಾಜಗಳನ್ನು ನೋಡುವ ಕೆಲಸದಲ್ಲಿದ್ದಳು. ಭಾವ ಅಲ್ಲಿನ ಲಿಫ್ಟ್ ಪರೀಕ್ಷೆ ಮಾಡುತ್ತಿದ್ದಾಗ, ಮಧ್ಯೆ ನುಗ್ಗಿ ಹತ್ತಲು ಹೋದಳಂತೆ. ಇವರು ಗದರಿದರು. ಅವಳು ಸೀದಾ ಹೋಗಿ ಬಟ್ಟೆ ಮೂಟೆ ತೂಗುವ ತಕ್ಕಡಿಯ ಮೇಲೆ ನಿಂತು, "ಐವತ್ತೆಂಟು. ಬರ್ಕೊಳ್ಳಿ. ಈಗ ಹತ್ತಬಹುದಾ?" ಅಂದಳು. ಭಾವ ನಿಜವಾಗಿಯೂ ಬರೆದುಕೊಂಡರು. ಆ ಅಂಕಿ ಅವರ ತಲೆಯಲ್ಲಿ ಹಾಗೇ ಕೂತುಬಿಟ್ಟಿತು.

ಅಕ್ಕನ ಹೊಟ್ಟೆಯೊಳಗೆ ಗಡ್ಡೆ ಇದೆ ಎಂದು ತಿಳಿದಾಗ ಅವಳಿಗೆ ಐವತ್ತೊಂದು ವರ್ಷ. ಔಷಧಿ ಶುರುವಾದ ಮೇಲೆ ಪೆಟ್ರೋಲ್ ವಾಸನೆ ಮೂಗಿಗೆ ಬಿದ್ದರೆ ಸಾಕು, ಹೊಟ್ಟೆ ತೊಳಸಿ ವಾಂತಿ. ಕಾರು, ಬಸ್ಸು ಯಾವುದೂ ಆಗದು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಹೋಗುವ ಎರಡು ಕಿಲೋಮೀಟರಿಗೇ ಅವಳು ಹಣ್ಣಾಗುತ್ತಿದ್ದಳು. ಒಂದು ಸಂಜೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದಳು: "ನಲವತ್ತೆರಡೇ ಕಿಲೋಮೀಟರು ಅಂತೆ ಸಮುದ್ರ. ಇವತ್ತು ನಾಳೆ ಅಂತ ಇಷ್ಟು ವರ್ಷ ಆಯ್ತು. ಒಂದ್ಸಲ ನೋಡ್ಬೇಕು ಕಣ್ರೀ."

ಮರುದಿನ ಭಾವ ತಮ್ಮ ಹಳೆಯ ಸೈಕಲ್ಲನ್ನು ಹಿಂದಿನ ವರಾಂಡಕ್ಕೆ ತಂದು ತಲೆಕೆಳಗಾಗಿ ನಿಲ್ಲಿಸಿದರು.

"ಕರೆಂಟ್ ಸೈಕಲ್ ಮಾಡ್ತೀನಿ. ಹೊಗೆ ಇಲ್ಲ, ವಾಸನೆ ಇಲ್ಲ. ನನ್ನ ಮಂಡಿನೂ ಹೋಗಿದೆ, ಕೆಲಸಕ್ಕೂ ಆಗತ್ತೆ."

"ಅಂಗಡೀಲಿ ಸಿಗತ್ತಲ್ಲ ಭಾವ, ತಂದ್ರಾಯ್ತು" ಅಂದೆ.

"ಯಾರೋ ಕಟ್ಟಿದ ಬ್ಯಾಟರಿ ಮೇಲೆ ಅವಳನ್ನ ಕೂರಿಸ್ಲಾ?"

ಅಲ್ಲಿಗೆ ಮಾತು ಮುಗಿಯಿತು. ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಅದು.

ವರಾಂಡಕ್ಕೆ ಅಕ್ಕನ ಕೋಣೆಯ ಕಿಟಕಿ ತೆರೆದುಕೊಳ್ಳುತ್ತಿತ್ತು. ಅವಳು ಮಲಗಿದಲ್ಲಿಂದಲೇ ಉಸ್ತುವಾರಿ ಮಾಡಿದಳು. ಚೌಕಟ್ಟಿನ ಹಿಂಭಾಗವನ್ನು ಒಂದೂವರೆ ಅಡಿ ಉದ್ದ ಮಾಡಿ ಬೆಸುಗೆ ಹಾಕಿದ್ದಾಯಿತು, ಅವಳಿಗೆ ಬೆನ್ನೊರಗುವ ಸೀಟು, ಕಾಲಿಡುವ ಪಟ್ಟಿ. ಹಿಂದಿನ ಚಕ್ರದ ನಡುವೆ ಮೋಟರ್ ಕೂರಿಸಿದರು. ಬೆರಳುದ್ದದ ಲಿಥಿಯಂ ಸೆಲ್ಲುಗಳನ್ನು ಒಂದೊಂದಾಗಿ ಮೀಟರ್ ಹಿಡಿದು ನೋಡಿ, ಸಾಲಾಗಿ ನಿಲ್ಲಿಸಿ, ನಿಕಲ್ ಪಟ್ಟಿ ಹಚ್ಚಿ, ನೀಲಿ ಹೊದಿಕೆ ಸುತ್ತಿ ಬ್ಯಾಟರಿ ಕಟ್ಟಿದರು. ಆಮೇಲೆ ಒಂದು ಗಟ್ಟಿ ಚೀಲಕ್ಕೆ ಮರಳು ತುಂಬಿ ತೂಗಿದರು. ಐವತ್ತೆಂಟು ಕಿಲೋ. ಅದನ್ನು ತೂತುಗಳಿದ್ದ ಬೆಲ್ಟಿನಿಂದ ಹಿಂದಿನ ಸೀಟಿಗೆ ಬಿಗಿದರು.

"ಇದನ್ನ ಸಮುದ್ರದ ತನಕ ಹೊತ್ಕೊಂಡು ಹೋಗಿ, ಮಧ್ಯೆ ಚಾರ್ಜ್ ಮಾಡದೆ ವಾಪಸ್ ಬರ್ಬೇಕು. ಆಮೇಲೇ ಅವಳು."

"ಅಲ್ಲೇ ಯಾವ್ದಾದ್ರೂ ಅಂಗಡೀಲಿ ಚಾರ್ಜಿಗೆ ಹಾಕಿದ್ರಾಗಲ್ವಾ?"

"ಕಾಯಿಲೆಯವಳನ್ನ ನಾಲ್ಕು ಗಂಟೆ ಅಂಗಡಿ ಮುಂದೆ ಕೂರಿಸ್ಕೊಂಡಿರ್ಲಾ? ನಿನ್ನ ತಲೇಲೂ ಮರಳೇ ತುಂಬಿದೆ."

ದಿನಾ ಬೆಳಿಗ್ಗೆ ಮರಳಿನ ಸಮೇತ ಕೆಲಸಕ್ಕೆ ಹೋಗುವರು. ಸೇತುವೆಯ ಏರಿನಲ್ಲಿ ಮೋಟರ್ ಎಷ್ಟು ಬಿಸಿಯಾಯಿತು, ಎಷ್ಟು ಚಾರ್ಜು ನುಂಗಿತು, ಎಲ್ಲವನ್ನೂ ಲಿಫ್ಟಿನ ಖಾಲಿ ಕಾರ್ಡುಗಳಲ್ಲೇ ಬರೆಯುವರು. ಬೀದಿಯವರಿಗೆ ತಮಾಷೆಯೋ ತಮಾಷೆ. "ಏನ್ ಸಾರ್, ಮರಳು ಸಾಗಾಣಿಕೆ ಜೋರಾ?" ಮರಳಿಗೆ ನೀರು ತಾಗಿದರೆ ತೂಕ ಏರುತ್ತದೆ ಎಂದು ಸಂಜೆ ಚೀಲವನ್ನು ಎರಡೂ ಕೈಯಲ್ಲಿ ತಬ್ಬಿ ಎತ್ತಿ ಒಳಗೆ ತಂದಿಡುವರು. ಪ್ರತಿ ಭಾನುವಾರ ಮತ್ತೆ ತೂಗಿ ನೋಡುವರು.

ಮರಳನ್ನು ವಾರಕ್ಕೊಮ್ಮೆ ತೂಗುತ್ತಿದ್ದ ಆ ಮನುಷ್ಯ ಅಕ್ಕನನ್ನು ಒಮ್ಮೆಯೂ ತೂಗಲಿಲ್ಲ. ತೂಗುತ್ತಿದ್ದವನು ನಾನು. ಆಸ್ಪತ್ರೆಗೆ ಅವಳನ್ನು ಕರೆದೊಯ್ಯುವುದು ನನ್ನ ಪಾಲಿನ ಕೆಲಸ. ಮೊದಲ ತಿಂಗಳು ಐವತ್ತೆರಡು. ಆಮೇಲೆ ನಲವತ್ತೇಳು. ಆಮೇಲೆ ನಲವತ್ತೆರಡು. ನರ್ಸಮ್ಮ ಅಂಕಿ ಬರೆಯುವಾಗ ಅಕ್ಕ ನನ್ನ ತೋಳು ಹಿಡಿದಳು.

"ಭಾವಂಗೆ ಹೇಳ್ಬೇಡ ಕಣೋ. ಗೊತ್ತಾದ್ರೆ ಎಲ್ಲಾ ಬಿಟ್ಟು ಮೂಲೇಲಿ ಕೂತ್ಬಿಡ್ತಾರೆ. ಆ ಸುತ್ತಿಗೆ ಸದ್ದು ಕೇಳ್ತಾ ಇದ್ರೆ ನಂಗೆ ಒಂಥರಾ ಧೈರ್ಯ."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ಮನೆಯಲ್ಲಿ ಅವಳು ಉದ್ದ ತೋಳಿನ ದೊಗಳೆ ಅಂಗಿ, ಅದರ ಮೇಲೊಂದು ಸ್ವೆಟರ್ ಹಾಕಿಕೊಂಡೇ ಇರುವಳು. ಗೋಡೆ ಹಿಡಿದು ತಾನೇ ಬಚ್ಚಲಿಗೆ ಹೋಗುವಳು. ಯಾರೂ ಕೈ ಹಿಡಿಯಕೂಡದು, ಗಂಡನಂತೂ ಹತ್ತಿರ ಬರಕೂಡದು. ಮುಖ ಸೊರಗಿದ್ದು ಭಾವನಿಗೂ ಕಾಣುತ್ತಿತ್ತು. ಔಷಧಿಯಿಂದ ಹಾಗೆ ಅಂದುಕೊಂಡಿದ್ದರು.

ಮೊದಲ ಬ್ಯಾಟರಿ ಐವತ್ತಾರು ಕಿಲೋಮೀಟರಿಗೆ ಸತ್ತಿತು. ಭಾವ ಮರಳನ್ನೂ ಸೈಕಲ್ಲನ್ನೂ ತಳ್ಳಿಕೊಂಡು ಬಂದರು. ಎರಡನೆಯದು ಎಂಬತ್ತು ಓಡಿತು, ಮನೆ ಇನ್ನು ನಾಲ್ಕೇ ಕಿಲೋಮೀಟರು ಇರುವಾಗ ನಿಂತಿತು. ಅವತ್ತು ನಾನು ಹಿಂದಿನ ಗೇಟಿನಲ್ಲೇ ಅವರನ್ನು ತಡೆದೆ.

"ಸಾಕು ಭಾವ. ಈ ಭಾನುವಾರ ಹೊರಟುಬಿಡಿ. ಬ್ಯಾಟರಿ ಸಾಲತ್ತೆ."

"ಹೆಂಗೆ ಸಾಲತ್ತೆ? ಐವತ್ತೆಂಟಕ್ಕೆ ಸಾಲ್ಲಿಲ್ವಲ್ಲ."

ಐವತ್ತೆಂಟು ಎಲ್ಲಿದೆ ಭಾವ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಕಿಟಕಿಯಲ್ಲಿ ಅಕ್ಕ ನನ್ನನ್ನೇ ನೋಡುತ್ತಿದ್ದಳು. ನುಂಗಿಕೊಂಡೆ. ಹೊಸ ಸೆಲ್ಲು ಬರಲು ಐದು ವಾರ, ಕಟ್ಟಲು ಮೂರು ವಾರ. ಅಷ್ಟರಲ್ಲಿ ಆಸ್ಪತ್ರೆಯ ತಕ್ಕಡಿ ಮೂವತ್ತೈದಕ್ಕೆ ಬಂದು ನಿಂತಿತ್ತು. ಈಗಲೂ ಆ ಎರಡು ತಿಂಗಳು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ಮೂರನೆಯ ಬ್ಯಾಟರಿ ಮರಳಿಗೆ ಸಮುದ್ರ ತೋರಿಸಿ ಮನೆಗೆ ತಂದಿತು. ಭಾವ ಕಾರ್ಡಿಗೆ ಸಹಿ ಹಾಕಿ ಕಿಟಕಿಯ ಕಂಬಿಗೆ ಸಿಕ್ಕಿಸಿದರು. ಅಕ್ಕ ಅದನ್ನು ಎರಡು ಸಲ ಓದಿದಳು.

ಹೊರಟದ್ದು ಬೆಳಗಿನ ಏಳು ಗಂಟೆಗೆ. ದಿಂಬು, ನೀರು, ಔಷಧಿ ಹಿಡಿದು ನಾನು ನನ್ನ ಬೈಕಿನಲ್ಲಿ, ಹೊಗೆ ಅವಳಿಗೆ ಬಡಿಯದಷ್ಟು ಹಿಂದೆ ಬರಬೇಕೆಂದು ಅಪ್ಪಣೆಯಾಗಿತ್ತು. ಸೀಟು ಅಕ್ಕನಿಗೆ ಎತ್ತರವಾಯಿತು. ಕಾಲು ಎತ್ತಲು ನೋಡಿದಳು, ಆಗಲಿಲ್ಲ. "ತಡಿ" ಅಂತ ಭಾವ ಬಗ್ಗಿ, ದಿನಾ ಚೀಲ ಎತ್ತುತ್ತಿದ್ದ ಹಾಗೆಯೇ ಅವಳನ್ನು ತಬ್ಬಿ ಎತ್ತಿದರು.

ಐವತ್ತೆಂಟು ಕಿಲೋಗೆ ಪಳಗಿದ ಕೈ. ಅಕ್ಕ ಗಾಳಿಗೆ ಹಾರಿದ ಹಾಗೆ ಮೇಲೆ ಬಂದಳು, ಭಾವ ಒಂದು ಹೆಜ್ಜೆ ಹಿಂದಕ್ಕೆ ಮುಗ್ಗರಿಸಿದರು. ಅವಳನ್ನು ಸೀಟಿನ ಮೇಲೆ ಕೂರಿಸಿ ಬೆಲ್ಟು ಬಿಗಿದರು. ಚೀಲಕ್ಕೆ ಹಾಕುತ್ತಿದ್ದ ತೂತು ಸಡಿಲವಾಯಿತು. ಇನ್ನೊಂದು, ಮತ್ತೊಂದು. ಕೊನೆಯ ತೂತಿಗೂ ಸಡಿಲವೇ. ಭಾವ ನನ್ನ ಹತ್ತಿರ ಬಂದು, ಅವಳಿಗೆ ಕೇಳಿಸದ ಹಾಗೆ ಅಂದರು: "ಎಷ್ಟಿದಾಳೆ?"

"ಗೊತ್ತಿಲ್ಲ ಭಾವ" ಅಂದೆ.

ಹತ್ತೊಂಬತ್ತು ಕಿಲೋಮೀಟರು ಹೋದೆವು. ಮುಚ್ಚಿದ ಹೆಂಚಿನ ಕಾರ್ಖಾನೆಯ ಉದ್ದನೆಯ ಗೋಡೆ ದಾಟುವಾಗ ಅಕ್ಕ ಭಾವನ ಬೆನ್ನು ತಟ್ಟಿದಳು. ಇಳಿಸಿ, ಮರದ ಕೆಳಗೆ ದಿಂಬಿಟ್ಟು ಕೂರಿಸಿದೆವು. ಬೆನ್ನು ನಿಲ್ಲುತ್ತಿರಲಿಲ್ಲ. "ಐದು ನಿಮಿಷ" ಅಂದಳು. ಐದು ನಿಮಿಷ ಕಳೆದ ಮೇಲೆ ಮತ್ತೆ "ಐದು ನಿಮಿಷ" ಅಂದಳು. ಮೂರನೆಯ ಸಲ ಮರ ಹಿಡಿದು ಎದ್ದು ನಿಂತಳು, ಮೊಣಕಾಲು ಮಡಚಿಕೊಂಡು ಅಲ್ಲೇ ಕುಸಿದಳು. ಮುಖ ಆಚೆ ತಿರುಗಿಸಿ, "ಏನಿಲ್ಲ, ಆಗತ್ತೆ, ಹೋಗೋಣ. ಇಷ್ಟು ಮಾಡಿದೀರಿ ನೀವು" ಅನ್ನುತ್ತಲೇ ಇದ್ದಳು. ಕಣ್ಣಲ್ಲಿ ನೀರು.

ಭಾವ ಎದ್ದು ಸೈಕಲ್ಲಿನ ಹತ್ತಿರ ಹೋಗಿ ಚಾರ್ಜು ತೋರಿಸುವ ಮೀಟರಿಗೆ ಬಗ್ಗಿದರು. ತುಂಬಾ ಹೊತ್ತು ನೋಡಿದರು.

"ಆಗಲ್ಲ ಕಣೇ. ಬ್ಯಾಟರಿ ಕೈಕೊಡ್ತು. ಇಲ್ಲಿಂದ ಮುಂದೆ ಹೋದ್ರೆ ವಾಪಸ್ ಬರಕ್ಕಾಗಲ್ಲ. ನನ್ನದೇ ಲೆಕ್ಕ ತಪ್ಪು."

ನಾನು ಪಕ್ಕದಲ್ಲೇ ನಿಂತಿದ್ದೆ. ಮೀಟರಿನ ಐದು ಗೆರೆಗಳಲ್ಲಿ ನಾಲ್ಕು ಉರಿಯುತ್ತಿದ್ದವು.

ಅಕ್ಕನ ಮುಖ ಅರಳಿತು. "ಅಯ್ಯೋ, ಬ್ಯಾಟರಿನಾ? ನಾನು ನನ್ನಿಂದಲೇ ಕೆಟ್ಟಿತು ಅಂದ್ಕೊಂಡಿದ್ದೆ. ಮೂರು ಸಲ ಕಟ್ಟಿದೀರಿ, ಆದ್ರೂ ಹಿಂಗಾ? ಎಲ್ಲಿ ಹೋಯ್ತು ನಿಮ್ಮ ಕಾರ್ಡು, ಸಹಿ?" ದಾರಿಯುದ್ದಕ್ಕೂ ನಿಲ್ಲಿಸಿ ನಿಲ್ಲಿಸಿ ಬರುವಾಗ, ಉಸಿರು ಸಿಕ್ಕಾಗಲೆಲ್ಲ ಅವರನ್ನು ಬೈದಳು. ಆಮೇಲೆ ನೋಡಲು ಬಂದವರಿಗೆಲ್ಲ ಅದೇ ಕಥೆ: "ನಮ್ಮನೆಯವರ ಬ್ಯಾಟರಿ ಅರ್ಧ ದಾರೀಲಿ ಮಲಗಿಬಿಡ್ತು. ಇನ್ನೊಂದು ಕಟ್ಟಲಿ, ಮುಂದಿನ ಸಲ ಹೋಗ್ತೀವಿ." ಭಾವ ಹೌದು ಹೌದು ಎಂದು ತಲೆಯಾಡಿಸುವರು. ವರಾಂಡದಲ್ಲಿ ಕೂತು ಮಾಡಲು ಏನೂ ಕೆಲಸವಿಲ್ಲದೆ, ಕಿಟಕಿಗೆ ಕೇಳಿಸಲಿ ಎಂದು ಬರೀ ಕಬ್ಬಿಣದ ಮೇಲೆ ಸುತ್ತಿಗೆ ಬಡಿಯುವರು. ಹತ್ತೊಂಬತ್ತು ದಿನ ಬಡಿದರು. ಇಪ್ಪತ್ತನೆಯ ದಿನ ಅದರ ಅಗತ್ಯ ಬೀಳಲಿಲ್ಲ.

ಭಾವ ಈಗಲೂ ಅದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಹಿಂದಿನ ಸೀಟು ಬಿಚ್ಚಿಲ್ಲ. ಸಮುದ್ರದ ಮಾತು ಎತ್ತುವುದಿಲ್ಲ.

ಮೊನ್ನೆ ಸ್ಪ್ಯಾನರ್ ಹುಡುಕುವಾಗ ಪೆಟ್ಟಿಗೆಯ ತಳದಲ್ಲಿ ಆ ದಿನದ ಕಾರ್ಡು ಸಿಕ್ಕಿತು. ದೂರ: ಮೂವತ್ತೆಂಟು ಕಿಲೋಮೀಟರು. ಉಳಿದ ಚಾರ್ಜು: ಅರ್ಧಕ್ಕಿಂತ ಹೆಚ್ಚು. ದೋಷ ಎಂಬಲ್ಲಿ ಅವರ ದುಂಡಗಿನ ಅಕ್ಷರ: "ಯಂತ್ರದಲ್ಲಿ ಇಲ್ಲ. ಭಾರ ಮೊದಲೇ ನೋಡಿಕೊಳ್ಳದಿದ್ದದ್ದು ನನ್ನ ತಪ್ಪು." ಕೆಳಗೆ, ತಪಾಸಣೆ ಮಾಡಿದವರು ಎಂಬಲ್ಲಿ ಭಾವನ ಸಹಿ ಇತ್ತು. ಅಲ್ಲಿ ಇರಬೇಕಾದದ್ದು ನನ್ನ ಸಹಿ. ಅದನ್ನು ನಾನು ಅವರಿಗೆ ಇನ್ನೂ ಹೇಳಿಲ್ಲ.